ನಡೆಯಬೇಕೋ, ಕೂರಬೇಕೋ? ಒಂದು ಕಾಯಿಲೆಯ ಇನ್ನೂರು ವರ್ಷದ ಪ್ರಶ್ನೆ

ನಮ್ಮ ಬ್ಯಾಚಿನ ಒಬ್ಬಳ ಅಕ್ಕ ಹೈಸ್ಕೂಲ್ ಟೀಚರ್. ಮೊದಲು ಅವರ ಎಡಗಾಲು ಎಳೆಯತೊಡಗಿತು. ಆಮೇಲೆ ಬಚ್ಚಲಲ್ಲಿ ಮುಖಕ್ಕೆ ಸೋಪು ಹಚ್ಚಿ ಕಣ್ಣು ಮುಚ್ಚಿದರೆ ಆಯ ತಪ್ಪತೊಡಗಿತು. ಶನಿವಾರ ಬೆಳಿಗ್ಗೆ ಪ್ರಾರ್ಥನೆಗೆ ನಿಂತವರು ಮಕ್ಕಳ ಎದುರೇ ಕುಸಿದರು. ಊರ ಡಾಕ್ಟರು ವಿಟಮಿನ್ ಕೊಟ್ಟರು, ಜಿಲ್ಲಾ ಕೇಂದ್ರದವರು ಬೆನ್ನಿನ ಡಿಸ್ಕ್ ಅಂದರು, ಕೊನೆಗೆ ಬೆಂಗಳೂರಿನಲ್ಲಿ ಎಂಆರ್‌ಐ ಆದ ಮೇಲೆ ಎಂಎಸ್, ಅಂದರೆ ಮಲ್ಟಿಪಲ್ ಸ್ಕ್ಲಿರೋಸಿಸ್, ಎಂದು ಗೊತ್ತಾಯಿತು. ಅಲ್ಲಿಂದ ಮನೆಯಲ್ಲಿ ಎಲ್ಲರದೂ ಒಂದೇ ಮಾತು: "ಸುಮ್ನೆ ಕೂತ್ಕೊಳೇ, ಇರೋ ಶಕ್ತೀನೂ ಕಳ್ಕೋಬೇಡ." ಪರಿಚಯದ ವೈದ್ಯರೊಬ್ಬರೂ ಅದನ್ನೇ ಅಂದರು. ಎರಡು ವರ್ಷ ಕಳೆದು ಸಿಕ್ಕ ಫಿಸಿಯೋಥೆರಪಿಸ್ಟ್ ಹೇಳಿದ್ದು ತದ್ವಿರುದ್ಧ: "ಕೂತ್ರೆ ಕೆಟ್ರಿ ಮೇಡಂ, ಎದ್ದೇಳಿ."

ಅಕ್ಕ ನಮ್ಮನ್ನು ಕೇಳಿದರು, "ನೀವು ಪತ್ರಿಕೋದ್ಯಮ ಓದಿದೋರಲ್ವಾ, ಯಾರು ಹೇಳೋದು ಸರಿ ಅಂತ ಹುಡುಕಿ ನೋಡಿ."

ನಾವು ವೈದ್ಯರಲ್ಲ. ಆದರೆ ಹುಡುಕುತ್ತಾ ಹೋದಾಗ ಒಂದು ವಿಷಯ ತಿಳಿಯಿತು. ಮನೆಯವರ ಮಾತೂ ಫಿಸಿಯೋಥೆರಪಿಸ್ಟರ ಮಾತೂ ಎರಡೂ ವೈದ್ಯಶಾಸ್ತ್ರದ ಒಳಗಿಂದಲೇ ಬಂದವು. ಒಂದು ಹಳೆಯ ಕಾಲದ್ದು, ಇನ್ನೊಂದು ನಾವು ಹುಟ್ಟುವ ಹೊತ್ತಿಗೆ ಬಂದದ್ದು. ಮೊದಲನೆಯದರಿಂದ ಎರಡನೆಯದಕ್ಕೆ ಬರಲು ಇಷ್ಟು ವರ್ಷ ಏಕೆ ಬೇಕಾಯಿತು ಎಂಬುದೇ ಈ ಬರಹ.

ಮೊದಲು ಕಾಯಿಲೆಯ ಬಗ್ಗೆ ಎರಡು ಮಾತು. ಕರೆಂಟ್ ತಂತಿಯ ಮೇಲೆ ಪ್ಲಾಸ್ಟಿಕ್ ಹೊದಿಕೆ ಇರುವಂತೆ ನಮ್ಮ ನರತಂತುಗಳ ಮೇಲೆ ಮೈಲಿನ್ ಎಂಬ ಕೊಬ್ಬಿನ ಹೊದಿಕೆ ಇರುತ್ತದೆ. ಎಂಎಸ್‌ನಲ್ಲಿ ದೇಹದ ರಕ್ಷಣಾ ವ್ಯವಸ್ಥೆ ಮಿದುಳು ಮತ್ತು ಬೆನ್ನುಹುರಿಯಲ್ಲಿರುವ ಈ ಹೊದಿಕೆಯ ಮೇಲೆಯೇ ದಾಳಿ ಮಾಡುತ್ತದೆ. ಹೊದಿಕೆ ಹೋದ ಜಾಗದಲ್ಲಿ ಸಂದೇಶ ನಿಧಾನವಾಗುತ್ತದೆ, ಕೆಲವೊಮ್ಮೆ ನಿಂತೇ ಹೋಗುತ್ತದೆ. ಮಿದುಳಿನಿಂದ ಕಾಲಿಗೆ ಹೋಗುವ ದಾರಿ ಉದ್ದ. ಹಾಗಾಗಿ ನಡುವೆ ಎಲ್ಲಿ ಹೊಡೆತ ಬಿದ್ದರೂ ಅದು ನಡಿಗೆಯಲ್ಲಿ ಕಾಣುತ್ತದೆ. ಕಾಲಿನ ಬಲ ಕುಂದಬಹುದು, ಸ್ನಾಯು ಸೆಟೆದು ಬಿಗಿಯಬಹುದು, ಪಾದ ಎಲ್ಲಿದೆ ಎಂಬ ಅರಿವು ಮಂಕಾಗಬಹುದು. ಆಯ ನಿಲ್ಲುವುದಕ್ಕೆ ಕಣ್ಣು, ಒಳಕಿವಿ, ಕಾಲಿನ ಕೀಲುಗಳಿಂದ ಬರುವ ಅರಿವು ಮೂರೂ ಬೇಕು. ಕೀಲಿನ ಅರಿವು ಕಮ್ಮಿಯಾದವರು ಕಣ್ಣಿನ ಬಲದಿಂದ ನಿಂತಿರುತ್ತಾರೆ. ಕಣ್ಣಿಗೆ ಸೋಪು ಬಿತ್ತೋ, ಆಸರೆ ತಪ್ಪಿತು. ಬರ್ಲಿನ್ನಿನ ಮೊರಿಟ್ಸ್ ರೊಂಬರ್ಗ್ 1840ರ ದಶಕದಲ್ಲಿ ಇದನ್ನೇ ಒಂದು ಪರೀಕ್ಷೆಯಾಗಿ ಬರೆದಿಟ್ಟರು: ಪಾದ ಜೋಡಿಸಿ ನಿಲ್ಲಿ, ಕಣ್ಣು ಮುಚ್ಚಿ. ಅವರು ನೋಡಿದ್ದು ಸಿಫಿಲಿಸ್‌ನಿಂದ ಬೆನ್ನುಹುರಿ ಕೆಟ್ಟವರನ್ನು. ಅದೇ ಪರೀಕ್ಷೆಯನ್ನು ಇವತ್ತೂ ಅಕ್ಕನಂಥವರಿಗೆ ಮಾಡುತ್ತಾರೆ.

ಈ ಕಾಯಿಲೆಯಲ್ಲಿ ಕಾಲು ಹೇಗೆ ಕೈಕೊಡುತ್ತದೆ ಎಂಬುದನ್ನು ಮೊದಲು ವಿವರವಾಗಿ ಬರೆದದ್ದು ವೈದ್ಯರಲ್ಲ, ರೋಗಿ. ಆಗಸ್ಟಸ್ ಡೆಸ್ಟೆ ಎಂಬಾತ ಇಂಗ್ಲೆಂಡಿನ ಮೂರನೇ ಜಾರ್ಜ್ ದೊರೆಯ ಮೊಮ್ಮಗ. ಅಪ್ಪ ಅಮ್ಮನ ಮದುವೆಯನ್ನು ರಾಜಮನೆತನದ ಕಾನೂನು ಅಸಿಂಧು ಅಂದದ್ದರಿಂದ ರಾಜಪದವಿ ಸಿಗಲಿಲ್ಲ. ಹುಟ್ಟಿದ್ದು 1794ರಲ್ಲಿ. 1822ರಲ್ಲಿ, 28ರ ವಯಸ್ಸಿನಲ್ಲಿ, ಸ್ಕಾಟ್ಲೆಂಡಿನಲ್ಲಿ ಹತ್ತಿರದವರೊಬ್ಬರ ಅಂತ್ಯಕ್ರಿಯೆಗೆ ಹೋದಾಗ ಕಣ್ಣು ಮಂಜಾಯಿತು. ಕಾಗದಗಳನ್ನು ಬೇರೆಯವರು ಓದಿ ಹೇಳಬೇಕಾಯಿತು. ಔಷಧಿಯಿಲ್ಲದೆ ತಾನಾಗಿಯೇ ಸರಿಹೋಯಿತು. 1827ರ ಕೊನೆಗೆ ಇಟಲಿಯ ಫ್ಲಾರೆನ್ಸ್‌ನಲ್ಲಿದ್ದಾಗ ಮೊದಲು ಒಂದು ವಸ್ತು ಎರಡಾಗಿ ಕಂಡಿತು. ಆಮೇಲೆ ದಿನದಿಂದ ದಿನಕ್ಕೆ ಕಾಲಿನ ಬಲ ಇಳಿದು, ಒಂದೇ ದಿನ ಎರಡು ಬಾರಿ ಬಿದ್ದು, ಮಂಚದಿಂದ ಎತ್ತಿ ಕೂರಿಸಲು ಆಳು ಬೇಕಾಯಿತು. ಕೆಲವು ವಾರಗಳಲ್ಲಿ ಬಲ ಮತ್ತೆ ಬಂತು. ಹೀಗೆ ಬರುವುದು, ಹೋಗುವುದು, ಪ್ರತಿಸಲ ಸ್ವಲ್ಪ ಉಳಿದುಬಿಡುವುದು ಅವರ ದಿನಚರಿಯಲ್ಲಿ ಇಪ್ಪತ್ತಕ್ಕೂ ಹೆಚ್ಚು ವರ್ಷ ನಡೆಯುತ್ತದೆ. ಮುಂದೆ ಕೋಲಿಲ್ಲದೆ ನಿಂತರೆ ಆಯ ಸಿಗುವುದಿಲ್ಲ, ರಾತ್ರಿ ಕಾಲು ಸೆಳೆಯುತ್ತದೆ ಎಂದೆಲ್ಲ ಬರೆದುಕೊಳ್ಳುತ್ತಾರೆ. ಕೊನೆಯ ವರ್ಷಗಳು ಗಾಲಿಕುರ್ಚಿಯಲ್ಲಿ. ತೀರಿಕೊಂಡದ್ದು 1848ರಲ್ಲಿ. ಡಗ್ಲಸ್ ಫರ್ತ್ ಎಂಬುವರು ಆ ದಿನಚರಿಯನ್ನು ಪುಸ್ತಕವಾಗಿ ತಂದದ್ದು ಸರಿಯಾಗಿ ನೂರು ವರ್ಷದ ನಂತರ, 1948ರಲ್ಲಿ. ಡೆಸ್ಟೆ ಬದುಕಿದ್ದಾಗ ಅವರ ಕಾಯಿಲೆಗೆ ಹೆಸರೇ ಇರಲಿಲ್ಲ.

ಅವರಿಗೆ ವೈದ್ಯರು ಕೊಟ್ಟ ಸಲಹೆ ಓದಿದರೆ ನಗು ಬರುತ್ತದೆ. ದಿನಕ್ಕೆರಡು ಬಾರಿ ಬೀಫ್ ಸ್ಟೀಕ್, ಜೊತೆಗೆ ಶೆರಿ, ಮಡೀರಾ ವೈನ್. ಬೆನ್ನಿಗೆ ತಿಕ್ಕಾಟ. ಬಗೆಬಗೆಯ ಖನಿಜ ನೀರಿನ ಸ್ನಾನ. ನಮ್ಮೂರುಗಳಲ್ಲಿ ಕಾಲು ಸೋತವರಿಗೆ ಮೇಕೆ ಕಾಲಿನ ಸೂಪು ಕುಡಿಸುವುದು ನೆನಪಾಯಿತು. ರಾಜನ ಮೊಮ್ಮಗನಾದರೇನು, ಬಲ ಹೋದರೆ ಬಲವಾದದ್ದನ್ನು ತಿನ್ನು ಎನ್ನುವ ಲೆಕ್ಕ ಎಲ್ಲ ಕಡೆ ಒಂದೇ.

ಕಾಯಿಲೆಗೆ ಹೆಸರು ಸಿಕ್ಕಿದ್ದು ಪ್ಯಾರಿಸ್ಸಿನ ಸಾಲ್ಪೆತ್ರಿಯೇರ್ ಆಸ್ಪತ್ರೆಯಲ್ಲಿ. ಅಲ್ಲಿ ಮೊದಲು ಮದ್ದಿನ ಕಾರ್ಖಾನೆ ಇತ್ತು. ಮದ್ದಿಗೆ ಬೇಕಾದ ಪೆಟ್ಲುಪ್ಪಿನ ಫ್ರೆಂಚ್ ಹೆಸರೇ ಆಸ್ಪತ್ರೆಗೂ ಉಳಿಯಿತು. ಹತ್ತೊಂಬತ್ತನೇ ಶತಮಾನದಲ್ಲಿ ಅದು ಸಾವಿರಾರು ಬಡ ಹೆಂಗಸರು ಇದ್ದ ಜಾಗ. ವಾಸಿಯಾಗದವರು, ಮುದುಕಿಯರು, ಮನೆಯಿಲ್ಲದವರು ಎಲ್ಲ ಅಲ್ಲೇ. ಜಾನ್ ಮಾರ್ತ್ಯಾಂ ಶಾರ್ಕೋ 1862ರಲ್ಲಿ ಅಲ್ಲಿ ಕೆಲಸಕ್ಕೆ ಸೇರಿ, ಆ ಹೆಂಗಸರನ್ನು ವರ್ಷಗಟ್ಟಲೆ ನೋಡಿ, ಯಾರ ನಡುಕ ಹೇಗೆ, ಯಾರ ನಡಿಗೆ ಹೇಗೆ ಎಂದು ವಿಂಗಡಿಸಿದರು. ಸತ್ತ ಮೇಲೆ ಮಿದುಳು, ಬೆನ್ನುಹುರಿ ಕೊಯ್ದು ನೋಡಿದರು. ಬೆನ್ನುಹುರಿಯ ಮೇಲಿನ ಕಲೆಗಳನ್ನು ಅವರಿಗಿಂತ ಮೊದಲೇ ಕಾರ್ಸ್‌ವೆಲ್ ಮತ್ತು ಕ್ರುವೆಲಿಯೇ ಎಂಬ ಇಬ್ಬರು ಚಿತ್ರ ಬರೆದಿಟ್ಟಿದ್ದರು. ಆದರೆ ಬದುಕಿದ್ದಾಗ ಕಂಡ ಲಕ್ಷಣ ಇದು, ಸತ್ತ ಮೇಲೆ ಸಿಕ್ಕ ಕಲೆ ಇದು ಎಂದು ಗಂಟು ಹಾಕಿದ್ದು ಶಾರ್ಕೋ. 1868ರ ಉಪನ್ಯಾಸಗಳಲ್ಲಿ ಅವರು ಇದನ್ನು ಪಾರ್ಕಿನ್ಸನ್ ಕಾಯಿಲೆಯಿಂದ ಬೇರೆ ಮಾಡಿದರು. ಪಾರ್ಕಿನ್ಸನ್‌ನಲ್ಲಿ ಕೈ ಸುಮ್ಮನಿದ್ದಾಗ ನಡುಗುತ್ತದೆ, ಇದರಲ್ಲಿ ಲೋಟ ಎತ್ತಲು ಹೋದಾಗ ನಡುಗುತ್ತದೆ.

ಶಾರ್ಕೋ ಅವರ ಮನೆಗೆಲಸದವಳ ಕತೆ ಒಂದಿದೆ. ಅವಳ ಕೈ ನಡುಗಿ ಪಿಂಗಾಣಿ ತಟ್ಟೆಗಳು ಒಡೆಯುತ್ತಿದ್ದವಂತೆ. ಆದರೂ ಕೆಲಸದಿಂದ ಬಿಡಿಸದೆ ಅವಳ ಕಾಯಿಲೆಯನ್ನು ಗಮನಿಸುತ್ತಾ ಹೋದರಂತೆ. ಸತ್ತ ಮೇಲೆ ಕೊಯ್ದು ನೋಡಿದರೆ ಅವರು ಊಹಿಸಿದ್ದ ಕಾಯಿಲೆ ಅಲ್ಲ, ಇದು. ಈ ಕತೆಯನ್ನು ವೈದ್ಯರ ಬರಹಗಳಲ್ಲಿ ಶಾರ್ಕೋ ಅವರ ಜಾಣ್ಮೆಗೆ ಉದಾಹರಣೆಯಾಗಿ ಹೇಳುತ್ತಾರೆ. ನಮಗೆ ಮಾತ್ರ ಆ ಕೈಯಲ್ಲಿ ಮನೆ ಗುಡಿಸಿ, ಪಾತ್ರೆ ಬೆಳಗಿದವಳ ದಿನಗಳು ಹೇಗಿದ್ದವೋ ಎಂದೇ ಅನಿಸಿತು.

ಶಾರ್ಕೋ ಕಾಯಿಲೆಯನ್ನು ಗುರುತಿಸಿದರು, ವಾಸಿ ಮಾಡಲಿಲ್ಲ. ಚಿನ್ನದ ಲವಣ, ಬೆಳ್ಳಿಯ ಲವಣ, ಸ್ಟ್ರಿಕ್ನಿನ್, ವಿದ್ಯುತ್ತು ಎಲ್ಲ ನೋಡಿದರು. ಫಲವಿಲ್ಲ ಎಂದು ಅವರೇ ಒಪ್ಪಿಕೊಂಡರು. ವೈದ್ಯರ ಕೈಯಲ್ಲಿ ಏನೂ ಇಲ್ಲದಿದ್ದಾಗ ಕೊಡುವುದಕ್ಕೆ ಉಳಿಯುವುದು ವಿಶ್ರಾಂತಿ. ಅದು ಅಗ್ಗ, ನೋಡಲು ಕರುಣೆಯಂತೆಯೂ ಇರುತ್ತದೆ. ಅದೇ ಕಾಲದಲ್ಲಿ ಅಮೆರಿಕದ ಫಿಲಡೆಲ್ಫಿಯಾದಲ್ಲಿ ಸೈಲಸ್ ವೇರ್ ಮಿಚೆಲ್ ಎಂಬ ನರವೈದ್ಯರು ವಿಶ್ರಾಂತಿಯನ್ನೇ ಚಿಕಿತ್ಸೆಯಾಗಿ ಪ್ರಸಿದ್ಧಿಗೆ ತಂದರು. ವಾರಗಟ್ಟಲೆ ಹಾಸಿಗೆ, ಹಾಲು, ಮಾಲಿಶು, ಓದುಬರಹ ಬಂದ್. ಅದು ಮುಖ್ಯವಾಗಿ ನರದೌರ್ಬಲ್ಯ, ಹಿಸ್ಟೀರಿಯಾ ಎಂದು ಹೆಸರು ಹಚ್ಚಿಸಿಕೊಂಡ ಹೆಂಗಸರಿಗೆ. ಎಂಎಸ್ ಗಂಡಸರಿಗಿಂತ ಹೆಂಗಸರಿಗೆ ಹೆಚ್ಚು ಬರುತ್ತದೆ, ಲಕ್ಷಣ ಬಂದು ಹೋಗುತ್ತದೆ. ಹಾಗಾಗಿ ಎಷ್ಟೋ ಎಂಎಸ್ ರೋಗಿಗಳು ಹಿಸ್ಟೀರಿಯಾದ ಪಟ್ಟಿಗೇ ಸೇರಿದರು. ಇವತ್ತೂ ಹೀಗೆ ಆಗುವುದುಂಟು. ಅಕ್ಕನ ಸಹೋದ್ಯೋಗಿಗಳು ಮೊದಮೊದಲು ಆಡಿಕೊಂಡದ್ದು "ಟ್ರಾನ್ಸ್‌ಫರ್ ಬೇಕಂತೆ, ಅದಕ್ಕೇ ನಾಟಕ" ಎಂದು.

1890ರಲ್ಲಿ ವಿಶ್ರಾಂತಿಯ ಕಡೆಗೆ ಇನ್ನೊಂದು ತೂಕ ಬಿತ್ತು. ಜರ್ಮನಿಯ ಕಣ್ಣಿನ ವೈದ್ಯ ವಿಲ್‌ಹೆಲ್ಮ್ ಊಟ್‌ಹಾಫ್ ನೂರು ಎಂಎಸ್ ರೋಗಿಗಳನ್ನು ಪರೀಕ್ಷಿಸಿ ಬರೆದ ವರದಿಯಲ್ಲಿ ಒಂದು ವಿಚಿತ್ರ ಇತ್ತು. ಕೆಲವರಿಗೆ ಜೋರಾಗಿ ನಡೆದಾಡಿದ ಮೇಲೆ ಕಣ್ಣು ಮಂಜಾಗುತ್ತಿತ್ತು. ಅವರು ಕಾರಣ ಶ್ರಮ ಎಂದುಕೊಂಡರು. ನಿಜವಾದ ಕಾರಣ ಶ್ರಮದಿಂದ ಏರುವ ಮೈಬಿಸಿ ಎಂಬುದು ಬಹಳ ಕಾಲದ ನಂತರ ಸ್ಪಷ್ಟವಾಯಿತು. ಹೊದಿಕೆ ಸವೆದ ನರದಲ್ಲಿ ಬಿಸಿ ಏರಿದರೆ ಸಂದೇಶ ತಡೆಯುತ್ತದೆ, ತಣ್ಣಗಾದರೆ ಮತ್ತೆ ಹರಿಯುತ್ತದೆ. 1950ರ ದಶಕದಿಂದ ಇದನ್ನೇ ರೋಗ ಪತ್ತೆಗೆ ಬಳಸಿದರು. ರೋಗಿಯನ್ನು ಬಿಸಿನೀರಿನ ತೊಟ್ಟಿಯಲ್ಲಿ ಕೂರಿಸಿ, ಕಾಲು ಸೋತರೆ, ಕಣ್ಣು ಮಂಜಾದರೆ ಎಂಎಸ್ ಇರಬಹುದು ಎನ್ನುವುದು. 1981ರಲ್ಲಿ ಎಂಎಸ್‌ನ ಕಲೆಗಳು ಎಂಆರ್‌ಐಯಲ್ಲಿ ಕಂಡ ಮೇಲೆ ನಿಧಾನಕ್ಕೆ ಆ ತೊಟ್ಟಿ ಮೂಲೆಗೆ ಸೇರಿತು.

ಬಿಸಿಯಿಂದ ಆಗುವ ತೊಂದರೆ ತಾತ್ಕಾಲಿಕ, ಅದು ಹೊಸ ಹಾನಿಯಲ್ಲ. ಆದರೆ ನಡೆದು ಬಂದವರ ಕಾಲು ನಡುಗುವುದನ್ನು ಕಣ್ಣಾರೆ ಕಂಡ ವೈದ್ಯರಿಗೂ ಮನೆಯವರಿಗೂ "ನಡೆದರೆ ಕಾಯಿಲೆ ಹೆಚ್ಚುತ್ತದೆ" ಎಂದು ಕಂಡದ್ದು ಸಹಜ. ಇಪ್ಪತ್ತನೇ ಶತಮಾನದ ಬಹುಭಾಗ ಎಂಎಸ್ ರೋಗಿಗಳಿಗೆ ಸಿಕ್ಕ ಸಲಹೆ ಇದೇ: ದಣಿಯಬೇಡಿ. ಅಕ್ಕನ ಮನೆಯವರ ಮಾತಿನ ಬೇರು ಇಲ್ಲಿದೆ.

ಆ ಕಾಲದಲ್ಲೇ ಬೇರೆ ದಾರಿ ಹಿಡಿದವರೂ ಇದ್ದರು. ಸ್ವಿಟ್ಜರ್ಲೆಂಡಿನ ಹೈಡೆನ್ ಎಂಬ ಗುಡ್ಡದೂರಿನಲ್ಲಿ ಹೈನ್ರಿಶ್ ಫ್ರೆಂಕೆಲ್ ಎಂಬ ವೈದ್ಯರಿದ್ದರು. (ರೆಡ್‌ಕ್ರಾಸ್ ಹುಟ್ಟಿಗೆ ಕಾರಣರಾದ ಹೆನ್ರಿ ಡ್ಯೂನಾ ಕೈ ಬರಿದಾಗಿ ಕೊನೆಗಾಲ ಕಳೆದದ್ದೂ ಇದೇ ಊರಿನಲ್ಲಿ.) ಸಿಫಿಲಿಸ್‌ನಿಂದ ಕೈಕಾಲಿನ ಹಿಡಿತ ತಪ್ಪಿದ ಒಬ್ಬ ರೋಗಿಗೆ ಅವರು ಬೆರಳಿನಿಂದ ಮೂಗು ಮುಟ್ಟಲು ಹೇಳಿದರು. ಆಗಲಿಲ್ಲ. ಕೆಲವು ತಿಂಗಳ ನಂತರ ಬಂದಾಗ ಆ ಮನುಷ್ಯ ಸಲೀಸಾಗಿ ಮುಟ್ಟಿದ. ಏನು ಮಾಡಿದೆ ಎಂದು ಕೇಳಿದರೆ, ಪರೀಕ್ಷೆಯಲ್ಲಿ ಪಾಸಾಗಬೇಕು ಎಂದು ಮನೆಯಲ್ಲಿ ಅಭ್ಯಾಸ ಮಾಡಿದೆ ಅಂದನಂತೆ. ಕೆಟ್ಟ ನರ ಸರಿಯಾಗಿರಲಿಲ್ಲ. ಉಳಿದ ದಾರಿಗಳಿಂದ ಕೆಲಸ ಮಾಡಿಸುವುದನ್ನು ಮಿದುಳು ಕಲಿತಿತ್ತು. ಫ್ರೆಂಕೆಲ್ ಇದರ ಮೇಲೆ ಇಡೀ ಪದ್ಧತಿ ಕಟ್ಟಿದರು. ನೆಲದ ಮೇಲೆ ಹೆಜ್ಜೆ ಗುರುತು ಬರೆದು, ಕಣ್ಣಿಟ್ಟು ನೋಡುತ್ತಾ, ನಿಧಾನಕ್ಕೆ, ಎಣಿಸುತ್ತಾ ಒಂದೊಂದೇ ಗುರುತಿನ ಮೇಲೆ ಪಾದ ಇಡುವುದು. ಬಲಕ್ಕಲ್ಲ, ಹಿಡಿತಕ್ಕೆ. ದಣಿಯುವ ಮೊದಲು ನಿಲ್ಲಿಸುವುದು. ಅವರ ಪುಸ್ತಕ 1900ರಲ್ಲಿ ಜರ್ಮನ್ ಭಾಷೆಯಲ್ಲಿ, ಎರಡು ವರ್ಷದ ನಂತರ ಇಂಗ್ಲಿಷಿನಲ್ಲಿ ಬಂತು. ಫ್ರೆಂಕೆಲ್ ವ್ಯಾಯಾಮಗಳನ್ನು ಮುಂದೆ ಎಂಎಸ್‌ನಲ್ಲಿ ಆಯ ತಪ್ಪುವವರಿಗೂ ಬಳಸಿದರು. ಇವತ್ತು ಫಿಸಿಯೋಥೆರಪಿ ಓದುವ ಮಕ್ಕಳು ಮೊದಮೊದಲೇ ಕಲಿಯುವ ಹೆಸರುಗಳಲ್ಲಿ ಇದೂ ಒಂದು.

ಆದರೆ ಎಂಎಸ್ ಇದ್ದವರ ಪಾಲಿಗೆ ಅದು ಮೂಲೆಯ ದೀಪವಾಗಿಯೇ ಉಳಿಯಿತು. 1945ರ ಮೇ 1ರಂದು ನ್ಯೂಯಾರ್ಕ್ ಟೈಮ್ಸ್ ಪತ್ರಿಕೆಯಲ್ಲಿ ಒಂದು ಪುಟ್ಟ ಜಾಹೀರಾತು ಬಂತು. ಸಿಲ್ವಿಯಾ ಲಾರಿ ಎಂಬಾಕೆ ಕೊಟ್ಟದ್ದು, ಅವರ ತಮ್ಮನಿಗೆ ಎಂಎಸ್ ಇತ್ತು. ಈ ಕಾಯಿಲೆಯಿಂದ ವಾಸಿಯಾದವರು ಯಾರಾದರೂ ಇದ್ದರೆ ತಿಳಿಸಿ ಎಂಬ ಕೋರಿಕೆ ಅದರಲ್ಲಿತ್ತು. ಬಂದ ಉತ್ತರಗಳಲ್ಲಿ ವಾಸಿಯಾದವರು ಸಿಗಲಿಲ್ಲ. ಯಾರಾದರೂ ಸಿಕ್ಕರೆ ನಮಗೂ ಹೇಳಿ ಎಂದವರೇ ಸಿಕ್ಕಿದ್ದು. ಮರುವರ್ಷ ಅವರು ಕಟ್ಟಿದ ಸಂಘವೇ ಮುಂದೆ ಅಮೆರಿಕದ ನ್ಯಾಷನಲ್ ಎಂಎಸ್ ಸೊಸೈಟಿಯಾಯಿತು. ಮೂರು ಸಾಲಿನ ಜಾಹೀರಾತಿನಿಂದ ಹುಟ್ಟಿದ ಸಂಸ್ಥೆ ಎಂದು ಪತ್ರಿಕೋದ್ಯಮ ಓದಿದ ನಮಗೆ ಸ್ವಲ್ಪ ಹೆಮ್ಮೆಯೂ ಆಯಿತು.

ಇದಾದ ಹತ್ತು ವರ್ಷಕ್ಕೆ ನಡಿಗೆಗೆ ಅಳತೆಗೋಲು ಬಂತು. ನ್ಯೂಯಾರ್ಕಿನ ಬ್ರಾಂಕ್ಸ್‌ನಲ್ಲಿ ಮಾಜಿ ಸೈನಿಕರ ಆಸ್ಪತ್ರೆಯಲ್ಲಿದ್ದ ಜಾನ್ ಕುರ್ಟ್ಸ್‌ಕಿ ಆಗ ಕ್ಷಯರೋಗದ ಐಸೋನಿಯಾಜಿಡ್ ಮಾತ್ರೆ ಎಂಎಸ್‌ಗೆ ಕೆಲಸ ಮಾಡುತ್ತದೋ ಎಂದು ನೋಡುತ್ತಿದ್ದರು. ರೋಗಿ ಸುಧಾರಿಸಿದ್ದಾನೋ ಇಲ್ಲವೋ ಎಂದು ಹೇಳಲು ಅಂಕ ಬೇಕಿತ್ತು. 1955ರಲ್ಲಿ ಸೊನ್ನೆಯಿಂದ ಹತ್ತರವರೆಗಿನ ಮಾಪಕ ಪ್ರಕಟಿಸಿದರು. ಸೊನ್ನೆ ಎಂದರೆ ತೊಂದರೆಯಿಲ್ಲ, ಹತ್ತು ಎಂದರೆ ಸಾವು. ಮಾತ್ರೆ ಕೆಲಸಕ್ಕೆ ಬರಲಿಲ್ಲ, ಮಾಪಕ ಉಳಿಯಿತು. 1983ರಲ್ಲಿ ಅದನ್ನು ಅರ್ಧರ್ಧ ಅಂಕಕ್ಕೆ ಹಿಗ್ಗಿಸಿದರು. ಆ ರೂಪವೇ ಇವತ್ತಿಗೂ ಜಗತ್ತಿನ ಎಂಎಸ್ ಔಷಧಿ ಪ್ರಯೋಗಗಳಲ್ಲಿ ಚಾಲ್ತಿಯಲ್ಲಿದೆ. ಆಸರೆಯಿಲ್ಲದೆ 500 ಮೀಟರ್ ನಡೆದರೆ 4, 200 ಮೀಟರ್ ಆದರೆ 5, ಒಂದು ಕೋಲು ಹಿಡಿದು 100 ಮೀಟರ್ ಆದರೆ 6, ಎರಡೂ ಕೈಗೆ ಆಸರೆ ಬೇಕು, 20 ಮೀಟರ್ ಆದರೆ 6.5, ಗಾಲಿಕುರ್ಚಿಯಾದರೆ 7.

ಈ ಮಾಪಕದ ಬಗ್ಗೆ ವೈದ್ಯರಲ್ಲೇ ತಕರಾರಿದೆ, ನಮಗೂ ಇದೆ. 4ರಿಂದ ಮೇಲೆ ಬಹುಮಟ್ಟಿಗೆ ನಡೆದ ದೂರವೊಂದೇ ಅಂಕ ನಿರ್ಧರಿಸುತ್ತದೆ. ಕೈ ಬಲ, ಕಣ್ಣು, ನೆನಪು, ಆಯಾಸ ಎಲ್ಲ ಹಿಂದೆ ಸರಿಯುತ್ತವೆ. ಆಸ್ಪತ್ರೆಯ ಕಾರಿಡಾರಿನ 100 ಮೀಟರ್ ಬೇರೆ, ಮಳೆಗಾಲದಲ್ಲಿ ಗದ್ದೆ ಬದುವಿನ 100 ಮೀಟರ್ ಬೇರೆ. ಕೆಎಸ್‌ಆರ್‌ಟಿಸಿ ಬಸ್ಸಿನ ಮೊದಲ ಮೆಟ್ಟಿಲಿಗೆ ಅದರಲ್ಲಿ ಅಂಕವೇ ಇಲ್ಲ. ಆದರೂ ಅಳತೆ ಎಂಬುದು ಬಂದದ್ದರಿಂದಲೇ ಮುಂದಿನ ಪ್ರಶ್ನೆ ಕೇಳಲು ಸಾಧ್ಯವಾಯಿತು ಎಂಬುದನ್ನು ಒಪ್ಪಲೇಬೇಕು.

ಆ ಪ್ರಶ್ನೆ ಹುಟ್ಟುವ ಮೊದಲು ಎಂಎಸ್‌ಗೆ ಸಂಬಂಧವಿಲ್ಲದ ಎರಡು ಮೂರು ಸಂಗತಿಗಳು ನಡೆದಿದ್ದವು. ಎರಡನೇ ಮಹಾಯುದ್ಧದಲ್ಲಿ ಗಾಯಗೊಂಡ ಸೈನಿಕರಿಂದ ಅಮೆರಿಕದ ಆಸ್ಪತ್ರೆಗಳು ತುಂಬಿದ್ದಾಗ, ಷಿಕಾಗೊದಲ್ಲಿ ಥಾಮಸ್ ಡಿಲಾರ್ಮ್ ಎಂಬ ಸೇನಾ ವೈದ್ಯರು ಅವರಿಂದ ಭಾರ ಎತ್ತಿಸತೊಡಗಿದರು. ವಾರವಾರಕ್ಕೆ ಭಾರ ಹೆಚ್ಚಿಸುತ್ತಾ ಹೋಗುವ ಆ ಪದ್ಧತಿಯ ಬಗ್ಗೆ 1945ರಲ್ಲಿ ಬರೆದರು. ಅವರಿಗೆ ಹುಡುಗನಾಗಿದ್ದಾಗ ಸಂಧಿವಾತ ಜ್ವರ ಬಂದು, ವಿಶ್ರಾಂತಿಯ ಬದಲು ಭಾರ ಎತ್ತಿಯೇ ಗಟ್ಟಿಯಾಗಿದ್ದರು. 1947ರಲ್ಲಿ ಲಂಡನ್ನಿನ ರಿಚರ್ಡ್ ಆಷರ್ ಬ್ರಿಟಿಷ್ ಮೆಡಿಕಲ್ ಜರ್ನಲ್‌ನಲ್ಲಿ ಹಾಸಿಗೆಯ ಅಪಾಯಗಳ ಬಗ್ಗೆ ಚುಚ್ಚುಮಾತಿನ ಲೇಖನ ಬರೆದರು. ಮಲಗಿಸಿಟ್ಟರೆ ರಕ್ತ ಹೆಪ್ಪುಗಟ್ಟುತ್ತದೆ, ಕೀಲು ಹಿಡಿಯುತ್ತದೆ, ಮನಸ್ಸೂ ಕುಸಿಯುತ್ತದೆ ಎಂದು. 1966ರಲ್ಲಿ ಡಲ್ಲಾಸ್‌ನಲ್ಲಿ ಐವರು ಆರೋಗ್ಯವಂತ ಹುಡುಗರನ್ನು, ಎಲ್ಲರಿಗೂ ಇಪ್ಪತ್ತರ ವಯಸ್ಸು, ಮೂರು ವಾರ ಹಾಸಿಗೆಯಲ್ಲಿ ಮಲಗಿಸಿದರು. ದೇಹ ಆಮ್ಲಜನಕ ಬಳಸುವ ಸಾಮರ್ಥ್ಯ ಕಾಲು ಭಾಗಕ್ಕೂ ಹೆಚ್ಚು ಕುಸಿಯಿತು. ಮೂವತ್ತು ವರ್ಷದ ನಂತರ ಅದೇ ಐವರನ್ನು ಮತ್ತೆ ಪರೀಕ್ಷಿಸಿದಾಗ ಗೊತ್ತಾದದ್ದು ಇನ್ನೂ ಸೋಜಿಗ. ಮೂವತ್ತು ವರ್ಷದ ವಯಸ್ಸು ಮಾಡಿದ ಹಾನಿಗಿಂತ ಆ ಮೂರು ವಾರದ ಹಾಸಿಗೆ ಮಾಡಿದ ಹಾನಿಯೇ ದೊಡ್ಡದಾಗಿತ್ತು.

ಏನೂ ಕಾಯಿಲೆಯಿಲ್ಲದ ಇಪ್ಪತ್ತರ ಹುಡುಗರಿಗೇ ಹೀಗಾದರೆ, ವರ್ಷಗಟ್ಟಲೆ ದಣಿಯಬೇಡಿ ಎಂದು ಕೂರಿಸಿಟ್ಟ ಎಂಎಸ್ ರೋಗಿಯ ಕಾಲಿಗೆ ಏನಾಗಿರಬೇಕು? ಆ ಕಾಲಿನಲ್ಲಿ ಎರಡು ಬಗೆಯ ನಿಶ್ಶಕ್ತಿ ಸೇರಿರುತ್ತದೆ. ಒಂದು ನರ ಕೆಟ್ಟದ್ದರಿಂದ ಬಂದದ್ದು. ಇನ್ನೊಂದು ಬಳಸದೆ ಬಿಟ್ಟದ್ದರಿಂದ ಬಂದದ್ದು. ಹೊರಗಿನಿಂದ ಎರಡೂ ಒಂದೇ ಥರ ಕಾಣುತ್ತವೆ. ನೂರು ವರ್ಷ ವೈದ್ಯರು ಎರಡನ್ನೂ ಕಾಯಿಲೆಯ ಖಾತೆಗೇ ಬರೆದರು.

ಇದನ್ನು ಬಿಡಿಸಿ ನೋಡಿದ್ದು ಅಮೆರಿಕದ ಯೂಟಾ ವಿಶ್ವವಿದ್ಯಾಲಯದ ಜ್ಯಾಕ್ ಪೆಟಜನ್ ಮತ್ತು ಸಂಗಡಿಗರು. 54 ಎಂಎಸ್ ರೋಗಿಗಳನ್ನು ಚೀಟಿ ಎತ್ತಿದಂತೆ ಎರಡು ಗುಂಪು ಮಾಡಿ, ಒಂದು ಗುಂಪಿನವರಿಂದ ಕೈಕಾಲು ಎರಡರಿಂದಲೂ ತುಳಿಯುವ ಸೈಕಲ್ ಯಂತ್ರದಲ್ಲಿ ವ್ಯಾಯಾಮ ಮಾಡಿಸಿದರು. ವಾರಕ್ಕೆ ಮೂರು ಸಲ, ಸಲಕ್ಕೆ 40 ನಿಮಿಷ, 15 ವಾರ. 1996ರಲ್ಲಿ ಫಲಿತಾಂಶ ಬಂತು. ವ್ಯಾಯಾಮ ಮಾಡಿದವರ ದಮ್ಮು ಹೆಚ್ಚಿತ್ತು, ಕೈಕಾಲಿನ ಬಲ ಹೆಚ್ಚಿತ್ತು. ಕಾಯಿಲೆ ಕೆರಳಿರಲಿಲ್ಲ. ಕುರ್ಟ್ಸ್‌ಕಿ ಮಾಪಕದ ಅಂಕ ಮಾತ್ರ ಇದ್ದಲ್ಲೇ ಇತ್ತು. ನಮಗೆ ಇದು ಬಹಳ ಹೊತ್ತು ತಲೆಯಲ್ಲಿ ಉಳಿಯಿತು. ಕಾಯಿಲೆ ಅಲ್ಲಾಡಿಲ್ಲ, ಮನುಷ್ಯ ಮಾತ್ರ ಗಟ್ಟಿಯಾಗಿದ್ದಾನೆ.

ಬಿಸಿಯ ಸಮಸ್ಯೆಗೂ ಅಲ್ಲೇ ಉಪಾಯ ಹುಡುಕಿದರು. ವ್ಯಾಯಾಮಕ್ಕೆ ಮೊದಲು ಸೊಂಟದ ಕೆಳಗಿನ ಭಾಗವನ್ನು ತಣ್ಣೀರಿನಲ್ಲಿ ಇಟ್ಟರೆ ಮೈಬಿಸಿ ಅಷ್ಟು ಏರುವುದಿಲ್ಲ. ಊಟ್‌ಹಾಫ್ ಕಂಡದ್ದು ನಿಜವೇ ಆಗಿತ್ತು. ಅದಕ್ಕೆ ಉತ್ತರ ಕೂರುವುದಲ್ಲ, ತಣ್ಣಗಿರುವುದು.

ಭಾರ ಎತ್ತುವ ವ್ಯಾಯಾಮದ ಸರದಿ ಇನ್ನೂ ತಡವಾಗಿ ಬಂತು. ಲಂಡನ್ನಿನ ಬೋಬತ್ ದಂಪತಿ ಕಟ್ಟಿದ ಫಿಸಿಯೋಥೆರಪಿ ಪಂಥದಲ್ಲಿ, ಸ್ನಾಯು ಸೆಟೆದವರಿಗೆ ಭಾರ ಕೊಟ್ಟರೆ ಬಿಗಿತ ಹೆಚ್ಚುತ್ತದೆ ಎಂಬ ಭಯ ಗಟ್ಟಿಯಾಗಿ ಬೇರೂರಿತ್ತು. 2009ರಲ್ಲಿ ಡೆನ್ಮಾರ್ಕಿನ ಉಲ್ರಿಕ್ ಡಾಲ್ಗಾಸ್ ಮತ್ತು ಸಂಗಡಿಗರು 38 ರೋಗಿಗಳ ಮೇಲಿನ ಪ್ರಯೋಗ ಪ್ರಕಟಿಸಿದರು. ವಾರಕ್ಕೆರಡು ಸಲ, 12 ವಾರ, ಕಾಲಿಗೆ ಹಂತಹಂತವಾಗಿ ಹೆಚ್ಚುವ ಭಾರ. ತೊಡೆಯ ಬಲ ಹೆಚ್ಚಿತು. ಕುರ್ಚಿಯಿಂದ ಏಳುವುದು, ಮೆಟ್ಟಿಲು ಹತ್ತುವುದು, ನಡೆಯುವುದು ಸುಧಾರಿಸಿತು. ತರಬೇತಿ ಮುಗಿದು ಮೂರು ತಿಂಗಳ ಮೇಲೆ ನೋಡಿದಾಗಲೂ ಲಾಭ ಉಳಿದಿತ್ತು. ಇದಕ್ಕೂ ಮೊದಲೇ, 2000ರ ದಶಕದ ಮಧ್ಯದಲ್ಲಿ, ಕಾಕ್ರೇನ್ ಸಂಸ್ಥೆಯ ವಿಮರ್ಶೆಯೊಂದು ಒಳ್ಳೆಯ ಗುಣಮಟ್ಟದ 9 ಪ್ರಯೋಗಗಳನ್ನು ಒಟ್ಟಿಗಿಟ್ಟು ನೋಡಿತ್ತು. ವ್ಯಾಯಾಮದಿಂದ ಎಂಎಸ್ ರೋಗಿಗಳಿಗೆ ಕೆಡುಕಾದ ಸುಳಿವು ಸಿಗಲಿಲ್ಲ ಎಂದು ಅದು ಹೇಳಿತು. ಒಂಬತ್ತೂ ಪ್ರಯೋಗ ಸೇರಿದರೆ ಇದ್ದವರು 260 ಜನ. ನೂರು ವರ್ಷದ ಸಲಹೆಯನ್ನು ತಿರುವಿ ಹಾಕಿದ್ದು ನಮ್ಮ ಒಂದು ಹೈಸ್ಕೂಲಿನಷ್ಟು ಜನ.

ಔಷಧಿಗಳ ಕತೆ ಬೇರೆಯೇ ಇದೆ, ಇಲ್ಲಿ ವಿಸ್ತರಿಸುವುದಿಲ್ಲ. 1993ರಲ್ಲಿ ಇಂಟರ್‌ಫೆರಾನ್ ಬೀಟಾ ಚುಚ್ಚುಮದ್ದಿಗೆ ಅಮೆರಿಕದಲ್ಲಿ ಅನುಮತಿ ಸಿಕ್ಕಿದ ಮೇಲೆ ಕಾಯಿಲೆಯ ದಾಳಿ ತಗ್ಗಿಸುವ ಮದ್ದುಗಳು ಒಂದಾದ ಮೇಲೊಂದು ಬಂದವು. ನಡಿಗೆಗೆಂದೇ ಬಂದದ್ದು ಡಾಲ್‌ಫ್ಯಾಂಪ್ರಿಡಿನ್ ಮಾತ್ರೆ, 2010ರಲ್ಲಿ. ಅದರ ಪ್ರಯೋಗದಲ್ಲಿ ಅಳೆದದ್ದು 25 ಅಡಿ ನಡೆಯಲು ಎಷ್ಟು ಸೆಕೆಂಡ್ ಬೇಕು ಎಂಬುದನ್ನು. ಪ್ರಯೋಗದಲ್ಲಿ ಸ್ಪಷ್ಟ ಲಾಭ ಕಂಡದ್ದು ಸುಮಾರು ಮೂರನೇ ಒಂದು ಭಾಗದವರಿಗೆ. ವ್ಯಾಯಾಮ ಈ ಮದ್ದುಗಳ ಬದಲಿಗಲ್ಲ ಎಂಬುದನ್ನು ಅಕ್ಕನ ಫಿಸಿಯೋಥೆರಪಿಸ್ಟರೇ ನಮಗೆ ಎರಡೆರಡು ಸಲ ಹೇಳಿದರು. ದಾಳಿ ಆದಾಗ ಏನು ಮಾಡಬೇಕು, ಎಷ್ಟು ಮಾಡಬೇಕು ಎಂಬುದು ಒಬ್ಬೊಬ್ಬರಿಗೆ ಒಂದೊಂದು ಥರ.

ನಮ್ಮ ಕಡೆಯ ಚರಿತ್ರೆ ಚಿಕ್ಕದು. ಎಂಎಸ್ ತಣ್ಣನೆ ದೇಶಗಳ ಕಾಯಿಲೆ, ಭಾರತದಲ್ಲಿ ಅಪರೂಪ ಎಂದೇ ಬಹಳ ಕಾಲ ನಂಬಿದ್ದರು. ಮುಂಬೈ, ಪುಣೆಯ ಪಾರ್ಸಿಗಳಲ್ಲಿ ಮಾತ್ರ ಜಾಸ್ತಿ ಎಂದು 1980ರ ದಶಕದ ಅಧ್ಯಯನಗಳು ಹೇಳಿದವು. ಎಂಎಸ್ ಸೊಸೈಟಿ ಆಫ್ ಇಂಡಿಯಾ ಶುರುವಾದದ್ದು 1985ರಲ್ಲಿ. ಎಂಆರ್‌ಐ ಯಂತ್ರಗಳು ಹೆಚ್ಚಿದ ಮೇಲೆ ರೋಗಿಗಳೂ ಹೆಚ್ಚಿದಂತೆ ಕಂಡರು, ಅಂದರೆ ಮೊದಲೂ ಇದ್ದವರು ಈಗ ಲೆಕ್ಕಕ್ಕೆ ಸಿಕ್ಕರು. ಮಂಗಳೂರಿನಲ್ಲಿ ಡಾ. ಲೇಖಾ ಪಂಡಿತ್ ಮತ್ತು ಸಂಗಡಿಗರು ಊರನ್ನೇ ಹುಡುಕಿ ಮಾಡಿದ ಎಣಿಕೆ 2014ರಲ್ಲಿ ಪ್ರಕಟವಾಯಿತು. ಲಕ್ಷಕ್ಕೆ ಸುಮಾರು 8 ಜನ. ಯುರೋಪಿಗೆ ಹೋಲಿಸಿದರೆ ಕಮ್ಮಿ, ಆದರೆ ಅಪರೂಪ ಎಂದು ತಳ್ಳಿಹಾಕುವಷ್ಟು ಕಮ್ಮಿಯಲ್ಲ.

1995ರ ಅಂಗವಿಕಲರ ಕಾಯ್ದೆಯಲ್ಲಿ ಎಂಎಸ್ ಇರಲಿಲ್ಲ. ಕಾಲು ಇದ್ದವರಿಗೆ, ಅದೂ ಇವತ್ತು ನಡೆದು ನಾಳೆ ನಡೆಯಲಾಗದವರಿಗೆ, ಪ್ರಮಾಣಪತ್ರ ಸಿಗುವುದು ಕಷ್ಟವಾಗಿತ್ತು. 2016ರ ಹೊಸ ಕಾಯ್ದೆ 21 ಬಗೆಯ ಅಂಗವೈಕಲ್ಯಗಳ ಪಟ್ಟಿಯಲ್ಲಿ ಮಲ್ಟಿಪಲ್ ಸ್ಕ್ಲಿರೋಸಿಸ್ ಎಂದು ಹೆಸರು ಹಿಡಿದೇ ಸೇರಿಸಿತು. ಅಕ್ಕ ಪ್ರಮಾಣಪತ್ರಕ್ಕೆ ಹೋದ ದಿನ ಮಾತ್ರ, ಬೆಳಿಗ್ಗೆ ಹತ್ತಕ್ಕೆ ಚೆನ್ನಾಗಿಯೇ ನಡೆದು ಹೋದವರನ್ನು ನೋಡಿ ಕೌಂಟರಿನಲ್ಲಿದ್ದವರು "ನಡೀತಿದೀರಲ್ಲ ಮತ್ತೆ?" ಅಂದರು. ಮಧ್ಯಾಹ್ನ ಎರಡರವರೆಗೆ ಬಿಸಿಲಿನ ಕಾರಿಡಾರಿನಲ್ಲಿ ಕಾದ ಮೇಲೆ ಅವರನ್ನು ಇಬ್ಬರು ಹಿಡಿದು ಒಳಗೆ ಕರೆದುಕೊಂಡು ಹೋಗಬೇಕಾಯಿತು. ಊಟ್‌ಹಾಫ್ ಬರೆದು 130 ವರ್ಷ ಕಳೆದಿತ್ತು.

ಈಗ ಅವರ ವ್ಯಾಯಾಮ ಬೆಳಿಗ್ಗೆ ಆರಕ್ಕೆ, ಬಿಸಿಲು ಏರುವ ಮೊದಲು. ಮಣಿಕಟ್ಟಿಗೆ ಒದ್ದೆ ಟವೆಲ್ ಸುತ್ತಿಕೊಂಡು ಕುರ್ಚಿಯಿಂದ ಎದ್ದು ಕೂರುವುದು ಹತ್ತು ಸಲ, ಕಾಲಿಗೆ ಮರಳಿನ ಚೀಲ ಕಟ್ಟಿ ಎತ್ತುವುದು, ಗೋಡೆ ಪಕ್ಕ ಪಾದ ಜೋಡಿಸಿ ನಿಲ್ಲುವುದು. ಕೊನೆಯದು ಫ್ರೆಂಕೆಲ್ ಅವರ ಹೆಜ್ಜೆಗಳು. ಮೊದಲು ಮಗ ಸೀಮೆಸುಣ್ಣದಲ್ಲಿ ಜಗಲಿಯ ಮೇಲೆ ಗೆರೆ ಎಳೆದು ಕೊಡುತ್ತಿದ್ದ. ಅದು ಅಳಿಸಿ ಹೋಗುತ್ತದೆ ಎಂದು "ಕೂತ್ಕೊಳೇ" ಅನ್ನುತ್ತಿದ್ದ ಅಮ್ಮನೇ ಬಿಳಿ ಪೇಂಟಿನಲ್ಲಿ ಹೆಜ್ಜೆ ಬರೆದಿದ್ದಾರೆ, ಕೃಷ್ಣಾಷ್ಟಮಿಗೆ ಬರೆಯುವ ಥರವೇ, ಐದು ಬೆರಳಿನ ಚುಕ್ಕಿ ಸಮೇತ. ಅಳತೆ ಮಾತ್ರ ದೊಡ್ಡದು. ಗೇಟಿನಿಂದ ಬಾಗಿಲವರೆಗೆ ಒಟ್ಟು ಇಪ್ಪತ್ತೆರಡು.